ಶೂ ಲೇಸಿಗೆ ಬಗ್ಗಿದ ಕ್ವಿಕ್ ಲಿಂಕ್

ಬೀದರಿನ ಕೆಂಪು ಧೂಳು ಚೈನಿನ ಎಣ್ಣೆ ಜೊತೆ ಸೇರಿತೋ, ಉಜ್ಜುಕಾಗದದ ಹಾಗೆ ಚೈನನ್ನೇ ಸವೆಸಲು ಶುರು. ಗೇರ್ ಸೈಕಲ್ಲಿನ ಚೈನ್ ಬಿಚ್ಚಿ ತೊಳೆಯೋಣ ಅಂದರೆ ಕ್ವಿಕ್ ಲಿಂಕ್, ಅಂದರೆ ಚೈನಿನ ಎರಡು ತುದಿ ಸೇರಿಸುವ ಬಿಚ್ಚುಕೊಂಡಿ, ಜಪ್ಪಯ್ಯ ಅನ್ನಲಿಲ್ಲ. ಅದಕ್ಕೆಂದೇ ಬರುವ ಇಕ್ಕಳ ನಾನು ಕೇಳಿದ ಅಂಗಡಿಯಲ್ಲಿ ಇರಲಿಲ್ಲ. "ಪಿನ್ ಹೊಡ್ದು ತೆಗೀತೀನಿ ತಗೋರಿ" ಅಂದರು ಮೇಸ್ತ್ರಿ. ಬೇಡ ಅಂದೆ. ಗೇರ್ ಚೈನಿನ ಪಿನ್ ಒಮ್ಮೆ ಹೊರಬಂದರೆ ಮೊದಲಿನ ಬಿಗಿ ಮತ್ತೆ ಬರುವುದಿಲ್ಲ.

ಮೊದಲು ಲಿಂಕಿನ ಸಂದಿಗೆ ಒಂದೆರಡು ಹನಿ ಡೀಸೆಲ್ ಬಿಟ್ಟು ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ತಿಕ್ಕಿದೆ. ಆಮೇಲೆ ಲಿಂಕಿನ ಎರಡೂ ತುದಿಯ ರೋಲರ್‌ಗಳ (ಪಿನ್ನಿನ ಸುತ್ತ ತಿರುಗುವ ಪುಟ್ಟ ಉರುಳೆಗಳ) ಹೊರಬದಿಯಿಂದ ಶೂ ಲೇಸ್ ಸುತ್ತಿ, ತುದಿಗಳನ್ನು ಅಡ್ಡ ಹಾಯಿಸಿ, ಆಚೆ ಈಚೆ ಜಗ್ಗಿದೆ. ಪಿನ್ನುಗಳು ಪರಸ್ಪರ ಹತ್ತಿರ ಸರಿಯಬೇಕು, ಗುಟ್ಟು ಅಷ್ಟೇ. ಪಕ್ಕದ ತಗಡುಗಳನ್ನು ಮಗ ಬೆರಳಲ್ಲಿ ಒತ್ತಿ ಹಿಡಿದಿದ್ದ. ಟಕ್! ಬಿಚ್ಚಿತು.

ತೊಳೆದು ಒರೆಸಿ, ಚೈನ್ ಎಷ್ಟು ಸವೆದಿದೆ ನೋಡಲು ಸ್ಕೇಲು ಹಿಡಿದೆ. ಪಿನ್ನಿನಿಂದ ಪಿನ್ನಿಗೆ 24 ಕೊಂಡಿ ಅಂದರೆ ಹೊಸ ಚೈನಿನಲ್ಲಿ ಸರಿಯಾಗಿ 12 ಇಂಚು. 1/16 ಇಂಚು ಜಾಸ್ತಿ ಬಂದರೆ ಬದಲಿಸಿಬಿಡಿ, ಇಲ್ಲದಿದ್ದರೆ ಹಲ್ಲುಚಕ್ರವೂ ಸವೆಯುತ್ತದೆ. ನನ್ನದು ಇನ್ನೂ ಓಡುತ್ತದೆ.

ಗೇರಿಲ್ಲದ ಸೈಕಲ್ಲಿಗೆ ಈ ಸರ್ಕಸ್ ಬೇಕಿಲ್ಲ. ಅದರ ಚೈನ್ ಜೋಡಿಸುವ ಕೊಂಡಿಯ ಮೇಲಿನ ಕ್ಲಿಪ್ಪನ್ನು ಸ್ಕ್ರೂಡ್ರೈವರಿನಿಂದ ಸರಿಸಿದರೆ ಸಾಕು. ತಿರುಗಿ ಹಾಕುವಾಗ ಕ್ಲಿಪ್ಪಿನ ತೆರೆದ ಬಾಯಿ ಚೈನ್ ಓಡುವ ದಿಕ್ಕಿಗೆ ಬೆನ್ನು ಮಾಡಿರಬೇಕು.