ಮನೆಯ ಈಜುಕೊಳದ ನೀರನ್ನು ಪರೀಕ್ಷಿಸಿ ಹದಗೊಳಿಸುವ ಕ್ರಮ

ಪರೀಕ್ಷೆಯ ನೀರನ್ನು ಮೊಣಕೈ ಮುಳುಗುವಷ್ಟು ಆಳದಿಂದ, ನೀರು ಒಳಬರುವ ಕೊಳವೆಯಿಂದ ದೂರದಲ್ಲಿ ತೆಗೆದುಕೊಳ್ಳಬೇಕು. ಪಿಎಚ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆ) 7.2ರಿಂದ 7.8ರೊಳಗೆ, ಲೀಟರಿಗೆ ಮುಕ್ತ ಕ್ಲೋರಿನ್ (ಕ್ರಿಮಿಗಳನ್ನು ಕೊಲ್ಲಲು ಇನ್ನೂ ಉಳಿದಿರುವ ಕ್ಲೋರಿನ್) 1ರಿಂದ 3 ಮಿಲಿಗ್ರಾಂ, ಒಟ್ಟು ಕ್ಷಾರತೆ (ಪಿಎಚ್ ಏರಿಳಿಯದಂತೆ ತಡೆಯುವ ನೀರಿನ ಗುಣ) 80ರಿಂದ 120 ಮಿಲಿಗ್ರಾಂ ಇರಬೇಕು.

ಮೊದಲು ಸರಿಪಡಿಸಬೇಕಾದುದು ಕ್ಷಾರತೆಯನ್ನೇ, ಏಕೆಂದರೆ ಅದು ಕಡಿಮೆಯಿದ್ದರೆ ಪಿಎಚ್ ಸ್ಥಿರವಾಗಿ ನಿಲ್ಲದು. 50,000 ಲೀಟರ್ ನೀರಿನಲ್ಲಿ ಅದನ್ನು ಲೀಟರಿಗೆ 10 ಮಿಲಿಗ್ರಾಂನಷ್ಟು ಹೆಚ್ಚಿಸಲು ಸುಮಾರು 850 ಗ್ರಾಂ ಅಡುಗೆ ಸೋಡಾ ಬೇಕಾಗುತ್ತದೆ. ಪಿಎಚ್ 8 ದಾಟಿದರೆ ಕ್ಲೋರಿನ್ನಿನ ಕ್ರಿಮಿನಾಶಕ ಶಕ್ತಿ ಬಹಳ ಕುಗ್ಗುವುದರಿಂದ, ಕೊಳದಲ್ಲಿ ಯಾರೂ ಇಲ್ಲದಾಗ, ಪಂಪು ಓಡುತ್ತಿರುವಂತೆಯೇ, ತಯಾರಕರು ಸೂಚಿಸಿದ ಪ್ರಮಾಣದ ಆಮ್ಲವನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಿ, ಕೆಲವು ಗಂಟೆಗಳ ನಂತರ ಮತ್ತೆ ಅಳೆಯಿರಿ. ಆಮ್ಲವನ್ನೂ ಕ್ಲೋರಿನ್ನನ್ನೂ ಎಂದಿಗೂ ಒಂದೇ ಪಾತ್ರೆಯಲ್ಲಿ ಸೇರಿಸಬಾರದು. ಪ್ರಾಣಾಪಾಯ ತರುವ ವಿಷಾನಿಲ ಹೊಮ್ಮುತ್ತದೆ.

ಬಿಸಿಲಿಗೆ ಕ್ಲೋರಿನ್ ಬೇಗ ನಶಿಸುವುದರಿಂದ ಅದನ್ನು ಸಂಜೆ ಹಾಕುವುದು ಒಳ್ಳೆಯದು. ಕಟುವಾದ ವಾಸನೆ ಬಂದರೆ ಕ್ಲೋರಿನ್ ಹೆಚ್ಚಾಗಿದೆಯೆಂದು ಅನೇಕರು ಭಾವಿಸುತ್ತಾರೆ. ಆದರೆ ಬಹುಮಟ್ಟಿಗೆ ಅದು ಕ್ಲೋರಿನ್ ಬೆವರು ಮತ್ತು ಮೂತ್ರದೊಡನೆ ಸೇರಿ ಉಂಟಾದ ಕ್ಲೋರಮೀನ್ ಎಂಬ ಸಂಯುಕ್ತದ ವಾಸನೆಯಾಗಿದ್ದು, ಮುಕ್ತ ಕ್ಲೋರಿನ್ ಸಾಲದೆಂಬುದರ ಸೂಚನೆಯಾಗಿರುತ್ತದೆ. ಕೊಳವೆಬಾವಿಯ ಗಡಸು ನೀರನ್ನು ತುಂಬಿಸುವವರು ಪಿಎಚ್ ಅನ್ನು 7.4ರ ಆಸುಪಾಸಿನಲ್ಲಿಟ್ಟರೆ ಟೈಲ್ಸ್ ಮೇಲೆ ಬಿಳಿ ಸುಣ್ಣ ಕಟ್ಟುವುದು ಕಡಿಮೆಯಾಗುತ್ತದೆ.