ಫಾಸ್ಟರ್ ನಾಯಿಗೆ ಆಪರೇಷನ್: ದುಡ್ಡು ಹೊಂದಿಸುವುದು ಹೇಗೆ?

ಹೋದ ಮಳೆಗಾಲದಲ್ಲಿ ನಮ್ಮನೆಯಲ್ಲಿ ಫಾಸ್ಟರ್‌ಗೆ, ಅಂದರೆ ದತ್ತು ಹೋಗುವವರೆಗೆ ಸಾಕಲು, ಇದ್ದ ನಾಯಿ ಕೆಂಚಿ ಗೇಟಿನ ಸಂದಿಯಲ್ಲಿ ನುಸುಳಿ ಬೈಕಿಗೆ ಸಿಕ್ಕಿದಳು. ಹಿಂಗಾಲು ಜೋತಾಡುತ್ತಿತ್ತು. ಆಟೋದಲ್ಲಿ ತೊಡೆ ಮೇಲೆ ಮಲಗಿ, ಅಷ್ಟು ನೋವಲ್ಲೂ ನನ್ನ ಕೈ ನೆಕ್ಕುತ್ತಿದ್ದಳು. ತೊಡೆಮೂಳೆ ಮುರಿದಿದೆ, ಪ್ಲೇಟ್ ಹಾಕಬೇಕು, 42,000 ರೂಪಾಯಿ ಆಗುತ್ತೆ ಅಂದರು ಡಾಕ್ಟರು. ದತ್ತು ತೆಗೆದುಕೊಳ್ಳುವವರು ಇನ್ನೂ ಸಿಕ್ಕಿರಲಿಲ್ಲ. ಅವಳ ಪರವಾಗಿ ಕೈ ಚಾಚಬೇಕಾದವರು ನಾವೇ.

ಮೊದಲು ಗಾಬರಿ ಬಿಡಿ. ಮೂಳೆ ಚರ್ಮ ಸೀಳಿ ಹೊರಬಂದಿದ್ದರೆ ತಡ ಮಾಡುವಂತಿಲ್ಲ. ಇಲ್ಲದಿದ್ದರೆ ಡಾಕ್ಟರು ಮೊದಲು ನೋವಿಗೆ ಔಷಧಿ ಕೊಟ್ಟು, ಒಳಗೆ ರಕ್ತಸ್ರಾವ ಆಗಿದೆಯಾ ನೋಡುತ್ತಾರೆ. ಸಾಮಾನ್ಯವಾಗಿ ಒಂದೆರಡು ದಿನ ಸಿಗುತ್ತದೆ. ನಾಯಿಯನ್ನು ನಿಮಗೆ ಒಪ್ಪಿಸಿದ ತಂಡಕ್ಕೆ ಆಗಲೇ ಫೋನ್ ಮಾಡಿ. ಆಪರೇಷನ್‌ಗೆ ಒಪ್ಪಿಗೆ ಯಾರದ್ದು, ಖರ್ಚಿನಲ್ಲಿ ಅವರ ಪಾಲೆಷ್ಟು ಅನ್ನೋದು ಇತ್ಯರ್ಥವಾಗಲಿ.

ಆಮೇಲೆ ಎಸ್ಟಿಮೇಟ್ ಬರೆಸಿಕೊಳ್ಳಿ. ಬಾಯಿಮಾತು ಸಾಲದು. ಎಕ್ಸ್‌ರೇ, ರಕ್ತ ಪರೀಕ್ಷೆ, ಅರಿವಳಿಕೆ, ಪ್ಲೇಟ್, ಔಷಧಿ, ಡ್ರೆಸ್ಸಿಂಗ್, ಮುಂದಿನ ಎಕ್ಸ್‌ರೇ ಎಲ್ಲ ಬೇರೆ ಬೇರೆಯಾಗಿ ಇರಲಿ. ನಾನು ಎಡವಿದ್ದು ಇಲ್ಲೇ. ರಕ್ತ ಪರೀಕ್ಷೆಯಲ್ಲಿ ಕೆಂಚಿಗೆ ಉಣ್ಣಿ ಕಚ್ಚಿ ಬರುವ ಜ್ವರ ಇರುವುದು ಗೊತ್ತಾಯಿತು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಡಿಮೆ ಇತ್ತು. ಆಪರೇಷನ್ ಮುಂದಕ್ಕೆ ಹೋಯಿತು, ಖರ್ಚು ಏರಿತು, ಮತ್ತೆ ಜನರ ಮುಂದೆ ನಿಲ್ಲಬೇಕಾಯಿತು. ಹಾಗಾಗಿ ಕೇಳುವಾಗಲೇ ಸ್ವಲ್ಪ ಜಾಸ್ತಿ ಇಟ್ಟು, ಯಾಕೆ ಅಂತ ಹೇಳಿಬಿಡಿ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಲ್ಲೂ ವಿಚಾರಿಸಿ. ಅಲ್ಲಿ ಖರ್ಚು ತುಂಬ ಕಡಿಮೆ.

ದುಡ್ಡು ಎಲ್ಲಿಗೆ ಬರಬೇಕು? ಆದಷ್ಟೂ ನೇರ ಆಸ್ಪತ್ರೆಗೇ ಹೋಗಲಿ. ಅವರ ಕ್ಯೂಆರ್ ಕೋಡ್ ಕೇಳಿ ಪಡೆಯಿರಿ, ಕಳಿಸುವವರು ‘ಕೆಂಚಿ’ ಎಂದು ಬರೆಯಲಿ. ನಿಮ್ಮ ಖಾತೆಗೆ ಬಂದರೆ ಅನುಮಾನಕ್ಕೂ ದಾರಿ, ತೆರಿಗೆಯ ತಲೆಬಿಸಿಯೂ ಉಂಟು: ನೆಂಟರಲ್ಲದವರಿಂದ ಸುಮ್ನೆ ಬಂದ ಹಣ ವರ್ಷಕ್ಕೆ 50,000 ರೂಪಾಯಿ ದಾಟಿದರೆ ಪೂರ್ತಿ ಮೊತ್ತ ಆದಾಯಕ್ಕೆ ಸೇರುತ್ತದೆ. ಮೊತ್ತ ದೊಡ್ಡದಿದ್ದರೆ ಜನರಿಂದ ದುಡ್ಡು ಕೂಡಿಸಿಕೊಡುವ ಮಿಲಾಪ್, ಕೆಟ್ಟೋ ತರಹದ ತಾಣಗಳಿವೆ. ಹಣ ಎಷ್ಟು ದಿನಕ್ಕೆ ಕೈಗೆ ಬರುತ್ತದೆ, ಎಷ್ಟು ಹಿಡಿದುಕೊಳ್ಳುತ್ತಾರೆ ಅಂತ ಮೊದಲೇ ಓದಿಕೊಳ್ಳಿ.

ಇನ್ನು ಸಂದೇಶ. ಗೋಳಾಟ ಬೇಡ, ರಕ್ತದ ಫೋಟೊ ಬೇಡವೇ ಬೇಡ. ಜನ ಕಣ್ಣುಮುಚ್ಚಿ ಮುಂದೆ ಹೋಗುತ್ತಾರೆ. ಮುಖದ ಒಂದು ಫೋಟೊ, ಎಕ್ಸ್‌ರೇ, ಎಸ್ಟಿಮೇಟ್ ಸಾಕು. ನಾನು ಬರೆದದ್ದು ಇಷ್ಟೇ:

“ಇವಳು ಕೆಂಚಿ, ಎರಡು ವರ್ಷ. ಬೈಕ್ ತಾಗಿ ಹಿಂಗಾಲು ಮುರಿದಿದೆ. ಗುರುವಾರ ಆಪರೇಷನ್. ಬೇಕಿರುವುದು 42,000. ನಾವು 8,000 ಹಾಕಿದ್ದೇವೆ. 200 ರೂಪಾಯಿ ಕೊಟ್ಟರೂ ದೊಡ್ಡ ಸಹಾಯ.”

ಗುಂಪುಗಳಿಗೆ ಹಾಕುವ ಮುಂಚೆ ಇಪ್ಪತ್ತು ಜನರಿಗೆ ಹೆಸರು ಹಿಡಿದು ಕಳಿಸಿ. “ಶಾರದಕ್ಕ, ನೋಡಿ” ಅಂದಾಗ ಸಿಗುವ ಉತ್ತರ ಗುಂಪಿನಲ್ಲಿ ಸಿಗಲ್ಲ. ಕೊಡಲಾಗದವರು ಸ್ಟೇಟಸ್‌ಗೆ ಹಾಕಿದರೂ ಉಪಕಾರವೇ.

ಒಂದು ಎಚ್ಚರಿಕೆ. “ದೊಡ್ಡ ಮೊತ್ತ ಕಳಿಸ್ತೀನಿ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ” ಎಂದು ಯಾರಾದರೂ ಹೇಳಿದರೆ ಮೋಸ. ಹಣ ಪಡೆಯೋಕೆ ಪಿನ್ ಬೇಕಿಲ್ಲ.

ದಿನಾ ಸಂಜೆ ಎಷ್ಟು ಬಂತು, ಇನ್ನೆಷ್ಟು ಬೇಕು ತಿಳಿಸಿ. ಕೊಟ್ಟವರ ಫೋನ್ ನಂಬರ್ ಕಾಣುವ ಸ್ಕ್ರೀನ್‌ಶಾಟ್ ಹಾಕಬೇಡಿ. ಗುರಿ ಮುಟ್ಟಿದ ತಕ್ಷಣ “ಸಾಕು” ಅನ್ನಿ. ಬಿಲ್ಲು ಎಲ್ಲರಿಗೂ ತೋರಿಸಿ. ಉಳಿದ ಹಣ ಏನು ಮಾಡಲಿ ಅಂತ ಕೊಟ್ಟವರನ್ನೇ ಕೇಳಿ.

ಮೂಳೆ ಕೂಡಲು ಆರರಿಂದ ಎಂಟು ವಾರವಾದರೂ ಬೇಕು. ಅಲ್ಲಿಯವರೆಗೂ ಸುದ್ದಿ ಕಳಿಸುತ್ತಿರಿ. ಕೆಂಚಿ ನಾಲ್ಕೂ ಕಾಲೂರಿ ಮೊಸರನ್ನದ ತಟ್ಟೆಯ ಹತ್ತಿರ ಬಂದ ವಿಡಿಯೊ ಕಳಿಸಿದ ದಿನ, 200 ರೂಪಾಯಿ ಕೊಟ್ಟಿದ್ದ ಒಬ್ಬರು ಫೋನ್ ಮಾಡಿ, “ಇವಳನ್ನ ನಾವು ಸಾಕ್ಕೊಳ್ಳಬಹುದಾ?” ಎಂದು ಕೇಳಿದರು.