ಏಪ್ರಿಲ್ಲಲ್ಲಿ ಜೋಗ ನೋಡಕ್ಕೆ ಬಂದೋರ ಕಥೆ ನಮ್ದೂ ಆಯ್ತು

ನಮ್ಮನೆ ಸಾಗರದಿಂದ ತಾಳಗುಪ್ಪಕ್ಕೆ ಹೋಗೋ ದಾರೀಲಿ. ಏಪ್ರಿಲ್ ಬಂತು ಅಂದ್ರೆ ಬೆಂಗಳೂರಿನ ನೆಂಟರು ಜೋಗಕ್ಕೆ ಅಂತ ಹೊರಡ್ತಾರೆ, ಸಂಜೆ ವಾಪಸ್ ಬಂದು ಎಂತ ಮಾರಾಯ ಬರೀ ಬಂಡೆ, ದಾರ ಇಳಿಬಿಟ್ಟಂಗೆ ಒಂಚೂರು ನೀರು, ಇದಕ್ಕಾ ಇಷ್ಟು ದೂರ ಬಂದಿದ್ದು ಅಂತ ಮುಖ ಗಂಟು ಹಾಕ್ಕೊಂಡು ಕೂರ್ತಾರೆ. 253 ಮೀಟರ್ ಜಲಪಾತ ಎಲ್ಲೂ ಹೋಗಿಲ್ಲ, ನೀರು ಮೇಲಿನ ಲಿಂಗನಮಕ್ಕಿ ಡ್ಯಾಮಲ್ಲಿ ನಿಂತಿದೆ, ಆಗಸ್ಟಲ್ಲಿ ಬನ್ನಿ ಅಂದ್ರೆ ಆಗ ರಜ ಇಲ್ವಂತೆ. ಇಷ್ಟು ವರ್ಷ ನಾನು ನಗ್ತಿದ್ದೆ. ಈಗ ನಗಲ್ಲ.

ಅಡಿಕೆ ತೋಟದೋರಿಗೆ ಬಿಡುವು ಅಂತ ಸಿಗೋದೇ ಕೊಯ್ಲು, ಸುಲಿತ, ಒಣಗ್ಸೋದು ಎಲ್ಲ ಮುಗಿದ್ಮೇಲೆ, ಆಮೇಲೆ ಮಳೆ ಹಿಡಿತಿದ್ದಂಗೆ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡಿಯೋ ಗಡಿಬಿಡಿ. ಹಂಗಾಗಿ ನಾನೂ ನಮ್ಮನೆಯವ್ಳೂ ಮಾಡಿದ ಮೂರು ಫಾರಿನ್ ಟ್ರಿಪ್ಪೂ ಏಪ್ರಿಲ್ಲಲ್ಲೇ. ಜಾಗ ಆರಿಸ್ತಿದ್ದಿದ್ದು ಫೋಟೋ ನೋಡಿ, ದಡ್ಡತನ ಅದು.

ಮೊದಲ್ನೇದು ಬಾಲಿ. ಲೆಂಪುಯಾಂಗ್ ದೇವಸ್ಥಾನದ ಬಾಗಿಲು, ಹಿಂದೆ ಅಗುಂಗ್ ಪರ್ವತ, ಕೆಳಗೆ ಕನ್ನಡಿಯಂಥ ನೀರಲ್ಲಿ ಅದರ ಬಿಂಬ, ಈ ಫೋಟೋ ನೀವೂ ನೋಡಿರ್ತೀರಿ. ಬೆಳಗಿನ ಜಾವ ಮೂರಕ್ಕೆ ಎದ್ದು ಹೋಗಿ ಟೋಕನ್ ತಗೊಂಡು ಎರಡು ಗಂಟೆ ಮೇಲೆ ಕಾದ್ವಿ. ನಮ್ಮ ಸರದಿ ಬಂತು, ನೋಡಿದ್ರೆ ಅಲ್ಲಿ ನೀರೂ ಇಲ್ಲ ಎಂತದೂ ಇಲ್ಲ, ಸಿಮೆಂಟ್ ಅಂಗಳ. ಅಲ್ಲಿ ಕೂತ ಹುಡುಗ ನಮ್ಮ ಫೋನ್ ಇಸ್ಕೊಂಡು ಲೆನ್ಸ್ ಕೆಳಗೆ ಒಂದು ಕನ್ನಡಿ ಚೂರು ಅಡ್ಡ ಹಿಡಿದ, ಫೋಟೋದಲ್ಲಿ ಕೆರೆ ಬಂತು! ಪರ್ವತ ಮಂಜಲ್ಲಿ ಮುಚ್ಚಿಹೋಗಿತ್ತು, ಅದು ಬರಲಿಲ್ಲ. ನಮ್ಮ ಕುಂದಾದ್ರಿ ಬೆಟ್ಟದ ತುದೀಲಿ ನಿಜವಾದ ಕೊಳನೇ ಇದೆ, ಯಾರೂ ಟೋಕನ್ ಕೇಳಲ್ಲ.

ಅದೇ ಬಾಲೀಲಿ ಜತಿಲುವಿ ಅಂತ ಊರಿದೆ, ಗುಡ್ಡದ ಉದ್ದಕ್ಕೂ ಮೆಟ್ಟಿಲು ಗದ್ದೆ. ಡ್ರೈವರ್ ಇಪ್ಪತ್ತು ನಿಮಿಷ ಸಾಕು ಅಂದಿದ್ದ, ನಾವು ಅರ್ಧ ದಿನ ಕೂತ್ವಿ. ಕಾಲುವೆಗೆ ಅಡ್ಡ ಒಂದು ಮರದ ದಿಮ್ಮಿ ಹಾಕಿ ಅದರಲ್ಲಿ ಕಚ್ಚು ಕೊರೆದಿದ್ರು, ಒಂದು ಅಗಲ, ಒಂದು ಸಣ್ಣ, ಯಾರ ಗದ್ದೆ ಎಷ್ಟೋ ಅವರ ಪಾಲಿಗೆ ಅಷ್ಟು ಅಗಲದ ಕಚ್ಚು. ಸುಬಾಕ್ ಅಂತಾರೆ ಈ ವ್ಯವಸ್ಥೆಗೆ, ಒಂದೇ ನೀರು ಕುಡಿಯೋ ಗದ್ದೆಯೋರೆಲ್ಲ ಸೇರಿ ಯಾವಾಗ ನಾಟಿ, ಯಾರಿಗೆ ಯಾವಾಗ ನೀರು ಅಂತ ಮಾತಾಡ್ಕೊಂಡು ಮಾಡ್ತಾರೆ, ಅದಕ್ಕೆ ಅಂತಲೇ ನೀರಿನ ದೇವಸ್ಥಾನ ಬೇರೆ. 2012ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ನಮ್ಮಲ್ಲಿ ಕಾಲುವೆ ನೀರಿಗೆ ಅಣ್ಣ ತಮ್ಮ ಮಾತು ಬಿಟ್ಟಿದ್ದು ನೆನಪಾಗಿ ಇಬ್ರೂ ಸುಮ್ನೆ ಕೂತಿದ್ವಿ.

ವಿಯೆಟ್ನಾಂನ ಹೋಯಿ ಆನ್ ಚೆಂದನೇ, ಆದ್ರೆ ಸಂಜೆ ಲಾಟೀನು ಹಚ್ಚೋ ಹೊತ್ತಿಗೆ ಶಿರಸಿ ಜಾತ್ರೆ ನೂಕುನುಗ್ಗಲು, ನನಗೆ ಸಾಕಾಯ್ತು. ಮಾರನೇ ದಿನ ಸೈಕಲ್ ಬಾಡಿಗೆಗೆ ತಗೊಂಡು ಹಳ್ಳಿ ಕಡೆ ಹೋದ್ರೆ ಮನೆ ಮುಂದೆ ಅಡಿಕೆ ಮರ! ಮುಂದೆ ಅಡಿಕೆ ಹಿಂದೆ ಬಾಳೆ ಅಂತ ಅವ್ರಲ್ಲಿ ಗಾದೆನೇ ಇದೆಯಂತೆ, ಮದುವೆಗೆ ಹುಡುಗಿ ಮನೆಗೆ ವೀಳ್ಯದೆಲೆ ಅಡಿಕೆ ಒಯ್ಯೋ ಪದ್ಧತಿನೂ ಇದೆ. ಒಬ್ರು ಅಜ್ಜಿ ಜಗುಲಿ ಮೇಲೆ ಕೂತು ಕವಳ ಹಾಕ್ತಿದ್ರು. ನಾನು ಮರ ತೋರ್ಸಿ ಎದೆ ಮುಟ್ಕೊಂಡು ನಮ್ದೂ ಇದೇ ಅಂದೆ, ಏನು ಅರ್ಥ ಆಯ್ತೋ, ಹಸಿ ಅಡಿಕೆ ಹೆಚ್ಚಿ ಎಲೆಗೆ ಸುಣ್ಣ ಹಚ್ಚಿ ಸುತ್ತಿ ಕೊಟ್ರು. ಚಾಲಿ, ಅಂದ್ರೆ ಒಣಗ್ಸಿ ಸುಲಿದ ಅಡಿಕೆ, ತಿಂದು ಅಭ್ಯಾಸ ಇರೋ ನಂಗೆ ಹಸಿ ಅಡಿಕೆ ಸೊಕ್ಕಿ ಬೆವರು ಕಿತ್ಕೊಂಡು ಬಂತು. ಮೂರು ತಲೆಮಾರಿನ ಬೆಳೆಗಾರನಿಗೆ ಅಡಿಕೆ ಸೊಕ್ಕಿತು ಅಂತ ನಮ್ಮನೆಯವ್ಳು ಊರೆಲ್ಲ ಹೇಳ್ಕೊಂಡು ಬಂದಿದಾಳೆ.

ಮೂರನೇದೇ ಕಾಂಬೋಡಿಯಾ. ಅಂಕೋರ್ ವಾಟ್ ಬಗ್ಗೆ ದೂರಿಲ್ಲ, ಬಿಸಿಲು ಮಾತ್ರ ಹೊಡೆದು ಹಾಕ್ತು, ಅಲ್ಲಿ ಏಪ್ರಿಲ್ಲೇ ಅತಿ ಸೆಕೆ ತಿಂಗಳು. ಒಂದು ದಿನದ ಪಾಸ್ 37 ಡಾಲರ್, ಮೂರು ದಿನದ್ದು 62, ಮೂರು ದಿನದ್ದೇ ತಗೊಳ್ಳಿ, ಬೆಳಿಗ್ಗೆ ಬೇಗ ನೋಡಿ ಮಧ್ಯಾಹ್ನ ರೂಮಲ್ಲಿ ಮಲಗ್ಬಹುದು.

ಮೋಸ ಹೋಗಿದ್ದು ತೋನ್ಲೆ ಸಾಪ್ ಕೆರೇಲಿ. ಏಜೆಂಟ್ ತೋರ್ಸಿದ ಫೋಟೋದಲ್ಲಿ ನೀರಿನ ಮೇಲೆ ಮನೆಗಳು, ಮರದ ನಡುವೆ ದೋಣಿ. ಕಾಂಪೊಂಗ್ ಫ್ಲುಕ್ ಅನ್ನೋ ಆ ಹಳ್ಳೀಲಿ ದೋಣಿ ಕೆಸರಲ್ಲಿ ಹೂತು, ಅಂಬಿಗ ಇಳಿದು ತಳ್ಳಿದ. ಮನೆಗಳು ಒಣ ನೆಲದಲ್ಲಿ ಉದ್ದುದ್ದ ಕಂಬದ ಮೇಲೆ ಕೊಕ್ಕರೆ ನಿಂತಂಗೆ ನಿಂತಿದ್ವು. ಬೇಸಿಗೆಲಿ ಸುಮಾರು 2,500 ಚದರ ಕಿಲೋಮೀಟರ್ ಇರೋ ಕೆರೆ ಅದು, ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿ, ಕೆರೆಯಿಂದ ಹೊರಡೋ ಹೊಳೆನೇ ಉಲ್ಟಾ ಹರಿದು, 15,000ದ ಹತ್ರ ಹೋಗುತ್ತಂತೆ. ನೀರು ನಿಂತ ಗುರುತು ಕಂಬದ ಮೇಲೆ ನನ್ನ ತಲೆಗಿಂತ ಎರಡಾಳು ಮೇಲಿತ್ತು. ಇದಕ್ಕಾ ಇಷ್ಟು ದೂರ ಬಂದಿದ್ದು ಅಂತ ನನ್ನ ಬಾಯಿಂದ್ಲೇ ಬಂತು, ನಮ್ಮನೆಯವ್ಳು ಜೋಗದ ನೆಂಟರು ಬಂದ್ರು ನೋಡಿ ಅಂದ್ಲು.

ಆಮೇಲೆ ಆ ಗುರುತನ್ನೇ ನೋಡ್ತಾ ಇದ್ದೆ. ನಮ್ಮ ಲಿಂಗನಮಕ್ಕಿ ಹಿನ್ನೀರಲ್ಲೂ ನೀರು ಇಳಿದಾಗ, ಮುಳುಗಿದ್ದ ಮಡೆನೂರಿನ ಹಳೇ ಡ್ಯಾಂ ಎದ್ದು ಕಾಣುತ್ತಲ್ಲ, ಅದನ್ನ ನೋಡಕ್ಕೆ ಅಂತಲೇ ನಾವು ಬೇಸಿಗೆಲಿ ಹೋಗ್ತೀವಿ.

ತೋನ್ಲೆ ಸಾಪ್ ತುಂಬಿದಾಗ ಇನ್ನೊಂದ್ಸಲ ಹೋಗ್ಬೇಕು ಅಂತ ಆಸೆ. ವಿಚಾರಿಸಿದ್ರೆ ಪೂರ್ತಿ ತುಂಬಿರೋದು ಅಕ್ಟೋಬರ್ ಹೊತ್ತಿಗೆ. ಅಪ್ಪಯ್ಯಂಗೆ ಹೇಳಿದೆ, ಮರ ಹತ್ತಿ ಅಡಿಕೆ ಕೊನೆ ಕೊಯ್ಯೋ ಕೊನೆಗೌಡನ್ನ ನೀನು ಕರ್ಕೊಂಡು ಹೋಗ್ತೀಯೋ, ಇಲ್ಲೇ ಬಿಟ್ಟು ಹೋಗ್ತೀಯೋ ಅಂದ್ರು.